ಎದುರು ಮನೆಯ ಪೈಲಟ್‌ಗೆ ನಾನು ಕೆಲಸ ಕೊಡಿಸಿದ್ದು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇನ್ನೊಬ್ಬರ ಮನೆಯ ವಿಷಯದಲ್ಲಿ ಮೂಗು ತೂರಿಸುವ ಜಾಯಮಾನ ನನ್ನದಲ್ಲ. ನಮ್ಮ ಬಾಗಿಲಿಗೆ ಒಂದು ಕಿಂಡಿ ಇದೆ, ಕಿಂಡಿಯ ಎದುರಿಗೆ ಎದುರು ಮನೆಯ ಬಾಗಿಲಿದೆ. ಅದು ಕಟ್ಟಡ ಕಟ್ಟಿದವನ ತಪ್ಪೇ ಹೊರತು ನನ್ನದಲ್ಲ. ಮೇಲಾಗಿ ನಾನು ಇಪ್ಪತ್ತನಾಲ್ಕು ಮನೆಗಳ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ನಿವೃತ್ತನಾದವನು. ಯಾವುದನ್ನೂ ತೂಗಿ ಅಳೆದು ನೋಡದೆ ಬಿಟ್ಟು ಅಭ್ಯಾಸವಿಲ್ಲ.

ಎದುರು ಮನೆಗೆ ಪೈಲಟ್ ಒಬ್ಬರು ಬಾಡಿಗೆಗೆ ಬಂದಾಗ ಇಡೀ ಕಟ್ಟಡದ ಗೌರವ ಎರಡು ಮಹಡಿ ಮೇಲೇರಿತು. ಮೊದಲನೇ ಮಹಡಿಯ ಹಲ್ಲಿನ ಡಾಕ್ಟರು ರೋಗಿಗಳ ಬಾಯೊಳಗೆ ಯಂತ್ರ ಇಟ್ಟುಕೊಂಡೇ "ನಮ್ಮ ಬಿಲ್ಡಿಂಗಲ್ಲಿ ಪೈಲಟ್ ಇದ್ದಾರೆ" ಎನ್ನುತ್ತಿದ್ದರಂತೆ. ರೋಗಿಗಳು ಇಲ್ಲ ಎನ್ನುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಆದರೆ ಪೈಲಟ್ ಹಾರಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಬೆಳಗ್ಗೆ ಐದರೊಳಗೆ ಸ್ನಾನ ಮುಗಿಸಿ, ಗರಿಗರಿ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಮೂರು ಚಿನ್ನದ ಬಣ್ಣದ ಪಟ್ಟಿ ಸಿಕ್ಕಿಸಿಕೊಂಡು ಸಿದ್ಧರಾಗುತ್ತಿದ್ದರು. ಬಾಗಿಲ ಹತ್ತಿರ ಚಕ್ರದ ಸೂಟ್‌ಕೇಸು, ಅದರ ಪಕ್ಕ ಪಾಲಿಶ್ ಮಾಡಿದ ಶೂ, ಶೂ ಒಳಗೆ ಕಾಲುಚೀಲ. ಎಲ್ಲ ಸರಿಯೇ, ಹೊರಡುತ್ತಿರಲಿಲ್ಲ ಅಷ್ಟೆ. ಮಧ್ಯಾಹ್ನ ಅದೇ ಸಮವಸ್ತ್ರದಲ್ಲಿ ಬಾಲ್ಕನಿಯ ಗಿಡಗಳಿಗೆ ನೀರು ಹಾಕುತ್ತಿದ್ದರು, ಬಟ್ಟೆಗೆ ಒಂದು ಹನಿಯೂ ಸಿಡಿಯದ ಹಾಗೆ ಮಾರು ದೂರ ನಿಂತು. ಸಂಜೆ ಐದು ಹೊಡೆದೊಡನೆ ಹಳೇ ಟೀ ಶರ್ಟು ಹಾಕಿಕೊಂಡು ಉಸ್ಸೆಂದು ಸೋಫಾದ ಮೇಲೆ ಬೀಳುತ್ತಿದ್ದರು. ಏನೂ ಮಾಡದೆ ಅಷ್ಟೊಂದು ದಣಿಯುವವರನ್ನು ನಾನು ನಮ್ಮ ಇಲಾಖೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಇನ್ನು ಫೋನು. ಕಸದ ಬುಟ್ಟಿ ಹಿಡಿದು ಕೆಳಗೆ ಬಂದರೂ ಇನ್ನೊಂದು ಕೈಯಲ್ಲಿ ಫೋನು. ನಾಲ್ಕನೇ ಮಹಡಿಯಾದರೂ ಲಿಫ್ಟ್ ಹತ್ತುತ್ತಿರಲಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ಎದುರಾದರು. ನಾನು ಬಹಳ ಸೂಕ್ಷ್ಮವಾಗಿ ಕೇಳಿದೆ:

"ಏನ್ ಸಾರ್, ರಜಾನಾ?"

"ಇಲ್ಲ ಸಾರ್, ಡ್ಯೂಟಿ."

"ಎಷ್ಟು ಗಂಟೆಗೆ?"

"ಈಗ. ಈಗ ಡ್ಯೂಟಿಲೇ ಇದ್ದೀನಿ."

ಅವರ ಕೈಯಲ್ಲಿ ಖಾಲಿ ಕಸದ ಬುಟ್ಟಿ ಇತ್ತು.

ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅವರ ಕಂಪನಿಯಲ್ಲಿ ಕಿರಿಯ ಪೈಲಟ್‌ಗಳನ್ನು ರಿಸರ್ವ್ ಎಂದು ಮನೆಯಲ್ಲಿ ಕೂರಿಸುತ್ತಾರಂತೆ. ಎಲ್ಲೋ ಒಬ್ಬ ಪೈಲಟ್‌ಗೆ ಜ್ವರ ಬಂದರೆ, ಇನ್ನೊಬ್ಬನ ವಿಮಾನ ತಡವಾದರೆ, ಇವರಿಗೆ ಫೋನು. ಹದಿನೈದು ನಿಮಿಷದೊಳಗೆ ಉತ್ತರ ಕೊಡಬೇಕು, ಒಂದೂವರೆ ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿ ನಿಂತಿರಬೇಕು. ಎಲ್ಲಿಗೆ ಹೋಗುವುದು, ಎಷ್ಟು ದಿನಕ್ಕೆ, ಅಲ್ಲಿ ಚಳಿಯೋ ಸೆಕೆಯೋ, ಒಂದೂ ಗೊತ್ತಿರುವುದಿಲ್ಲ. ಹನ್ನೊಂದು ತಿಂಗಳಿಂದ ಹೀಗೇ.

"ಒಂದ್ಸಲ ಫೋನ್ ತಪ್ಪೋಯ್ತು ಸಾರ್. ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ದೆ, ಇಪ್ಪತ್ತೈದು ನಿಮಿಷ. ಸಿಗ್ನಲ್ ಇಲ್ಲ. ಇನ್ನೊಂದ್ಸಲ ತಪ್ಪಿದ್ರೆ ಕ್ಯಾಪ್ಟನ್ ಆಗೋರ ಪಟ್ಟಿಯಿಂದ ಹೆಸರು ತೆಗೀತಾರೆ. ಎರಡು ವರ್ಷ ಮತ್ತೆ ಹೀಗೇ ಕೂರ್ಬೇಕು" ಎಂದರು.

ಲಿಫ್ಟಿನ ರಿಪೇರಿ ವಿಷಯ ಸಂಘದ ಪರಿಶೀಲನೆಯಲ್ಲಿದೆ ಎಂದು ತಿಳಿಸಿ ನಾನು ಮನೆಗೆ ಬಂದೆ.

ಹೇಳಿ, ಇದನ್ನು ಯಾರು ನಂಬುತ್ತಾರೆ? ನಮ್ಮ ಇಲಾಖೆಯಲ್ಲಿ ಒಬ್ಬ ರಜೆ ಹಾಕಿದರೆ ಅವನ ಕಡತ ಕಾಯುತ್ತಿತ್ತು. ಅವನು ಬರುವವರೆಗೂ ಕಾಯುತ್ತಿತ್ತು, ಬಂದ ಮೇಲೂ ಕಾಯುತ್ತಿತ್ತು. ಅವನ ಬದಲಿಗೆ ಇನ್ನೊಬ್ಬ ಮನೆಯಲ್ಲಿ ಶೂ ಪಾಲಿಶ್ ಮಾಡಿಕೊಂಡು ಕೂತಿರುತ್ತಾನೆ ಎಂದರೆ! ಕೆಲಸ ಮಾಡದೆ ಕೂರುವವರು ನಮ್ಮಲ್ಲೂ ಇದ್ದರು, ಆದರೆ ಶಿಸ್ತಾಗಿ ಕಚೇರಿಗೆ ಬಂದು ಕೂರುತ್ತಿದ್ದರು.

"ಕೆಲಸ ಕಳ್ಕೊಂಡಿದ್ದಾರೆ ಕಣೇ" ಎಂದೆ ಹೆಂಡತಿಗೆ. "ಮರ್ಯಾದೆಗೆ ಅಂಜಿ ನಾಟಕ ಆಡ್ತಿದ್ದಾರೆ, ಪಾಪ."

"ನಿಮಗೆ ಬೇರೆ ಕೆಲಸ ಇಲ್ವಾ?" ಎಂದಳು. ಇಲ್ಲ ಎಂಬುದು ಅವಳಿಗೂ ಗೊತ್ತು.

ಆ ತಿಂಗಳೇ ಪೈಲಟ್‌ರ ಮಾವ ಬಂದಿಳಿದರು. ನಿವೃತ್ತ ಸ್ಟೇಷನ್ ಮಾಸ್ಟರ್. ಮೂವತ್ತೆಂಟು ವರ್ಷ ರೈಲುಗಳನ್ನು ನಿಲ್ಲಿಸಿ ಕಳಿಸಿದವರು. ಕೈಯಲ್ಲಿ ಅಂಗೈ ಅಗಲದ ಗಡಿಯಾರ. ಕಾಫಿ ಎರಡು ನಿಮಿಷ ತಡವಾದರೆ ಮಗಳನ್ನು ಕರೆದು ಕಾರಣ ಕೇಳುವಂಥವರು. ಅಳಿಯ ವಿಮಾನ ಓಡಿಸುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು ಎಂಬ ಆಸೆಯಿಂದ ಬಂದಿದ್ದರು. ಬಂದ ಮಾರನೇ ದಿನದ ಮಾತುಕತೆ ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರ ಬಾಗಿಲು ತೆರೆದಿತ್ತು, ನಮ್ಮದನ್ನು ನಾನು ತೆರೆದೆ.

"ಅಳಿಯಂದಿರೇ, ನಿಮ್ಮ ಡ್ಯೂಟಿ ಯಾವತ್ತು?"

"ಗೊತ್ತಿಲ್ಲ ಮಾವ."

"ಯಾವ ಊರಿಗೆ?"

"ಗೊತ್ತಿಲ್ಲ."

"ಎಷ್ಟು ಗಂಟೆಗೆ?"

"ಫೋನ್ ಬಂದಾಗ."

"ಯಾವಾಗ ಬರುತ್ತೆ?"

"ಬರದೇನೂ ಇರಬಹುದು ಮಾವ."

"ಆ ಸೂಟ್‌ಕೇಸಲ್ಲಿ ಏನಿದೆ?"

"ಒಂದು ಸ್ವೆಟರು, ಒಂದು ಚಡ್ಡಿ, ಒಂದು ಕೊಡೆ."

ಆಮೇಲೆ ಸ್ಟೇಷನ್ ಮಾಸ್ಟರು ಚಪ್ಪಲಿ ಮೆಟ್ಟಿಕೊಂಡು ನೇರ ನಮ್ಮ ಮನೆಗೇ ಬಂದರು. "ವೇಳಾಪಟ್ಟಿ ಇಲ್ಲದ ನೌಕರಿ ಇದ್ಯೇನ್ರೀ ಪ್ರಪಂಚದಲ್ಲಿ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಕುರ್ಚಿ ಎಳೆದು ಕೂರಿಸಿ, ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ತಿಳಿಯದ್ದನ್ನೂ ಸ್ವಲ್ಪ ಹೇಳಿದೆ.

ಆ ಶುಕ್ರವಾರ ಒಂದು ಘಟನೆ ನಡೆಯಿತು. ಬೆಳಗ್ಗೆ ಆರಕ್ಕೆ ಫೋನು ಬಂದು ಪೈಲಟ್ ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹಾರಿಕೊಂಡು ಹೋದರು. ಮಾವನವರು ಬಾಲ್ಕನಿಯಲ್ಲಿ ನಿಂತು ದಿನವಿಡೀ ಕತ್ತೆತ್ತಿ ಆಕಾಶ ನೋಡಿದರು. ಸಂಜೆ ಅಳಿಯ ವಾಪಸು ಬಂದರು.

"ಎಲ್ಲಿಗೆ ಹಾರಿದಿರಿ?"

"ಎಲ್ಲಿಗೂ ಇಲ್ಲ ಮಾವ. ಇವತ್ತು ಏರ್‌ಪೋರ್ಟಲ್ಲೇ ರಿಸರ್ವ್. ಒಂಬತ್ತು ಗಂಟೆ ಕುರ್ಚಿ ಮೇಲೆ ಕೂತಿದ್ದೆ."

ಸಾಕ್ಷಿಗೆ ಇನ್ನೇನು ಬೇಕು? ಕೆಲಸ ಹೋದವನು ಮನೆಯವರ ಕಣ್ಣು ತಪ್ಪಿಸಲು ಎಲ್ಲಾದರೂ ಹೋಗಿ ಕೂತು ಬರುತ್ತಾನೆ. ಸ್ಟೇಷನ್ ಮಾಸ್ಟರು ಆ ರಾತ್ರಿ ಊಟ ಬಿಟ್ಟರು. "ಅಪ್ಪ, ಅವರ ಕೆಲಸಾನೇ ಹಾಗೆ" ಎಂದು ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಆಕೆ ಶಾಲೆಯಲ್ಲಿ ಗಣಿತದ ಟೀಚರು. ಲೆಕ್ಕ ಬಿಡಿಸಿ ತೋರಿಸುವ ಹಾಗೆ ಕಾಗದದ ಮೇಲೆ ಬರೆದು ತೋರಿಸಿದರು. ಗಂಡನನ್ನು ಕಾಪಾಡಲು ಹೆಂಡತಿಯೂ ಸುಳ್ಳು ಹೇಳುತ್ತಿದ್ದಾಳೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ವಿಷಯ ನನ್ನಲ್ಲೇ ಇರಲಿ ಎಂದುಕೊಂಡಿದ್ದೆ. ಹಲ್ಲಿನ ಡಾಕ್ಟರಿಗೆ ಮಾತ್ರ ಹೇಳಿದೆ. ಸಂಜೆಯೊಳಗೆ ಇಪ್ಪತ್ತನಾಲ್ಕು ಮನೆಗೂ ಗೊತ್ತಾಗಿ, ಕಟ್ಟಡಕ್ಕೆ ಕಟ್ಟಡವೇ ಪೈಲಟ್‌ರ ಮೇಲೆ ಕರುಣೆ ತೋರಿಸತೊಡಗಿತು. ಯಾರೂ ಅವರ ಮುಂದೆ 'ಆಫೀಸು' ಎಂಬ ಮಾತೆತ್ತುತ್ತಿರಲಿಲ್ಲ. ವಿಮಾನದ ಸದ್ದು ಕೇಳಿದರೆ ಮಕ್ಕಳಿಗೆ ಮೇಲೆ ನೋಡಬೇಡಿ ಎಂದು ಗದರುತ್ತಿದ್ದರು. ಎರಡನೇ ಮಹಡಿಯ ಡ್ರೈವಿಂಗ್ ಸ್ಕೂಲ್ ಮಾಲೀಕರು ಒಂದು ಹೆಜ್ಜೆ ಮುಂದೆ ಹೋಗಿ ಮೆಟ್ಟಿಲಲ್ಲೇ ಅವರ ಕೈ ಹಿಡಿದುಕೊಂಡರು.

"ನಾಳೆಯಿಂದ್ಲೇ ನಮ್ಮಲ್ಲಿ ಬನ್ನಿ ಸಾರ್. ಮೇಲೆ ಓಡಿಸ್ದೋರಿಗೆ ರಸ್ತೆ ಯಾವ ಲೆಕ್ಕ? ರಿವರ್ಸ್ ಒಂದು ಕಲ್ತ್ಕೊಂಡ್ರೆ ಆಯ್ತು."

ಪೈಲಟ್ ಏನೂ ಅರ್ಥವಾಗದೆ "ಥ್ಯಾಂಕ್ಸ್, ನನ್ನ ಹತ್ರ ಲೈಸೆನ್ಸ್ ಇದೆ" ಎಂದರು. ಅದನ್ನೂ ಕಿತ್ತುಕೊಂಡಿಲ್ಲವಲ್ಲ ಎಂದು ಮಾಲೀಕರಿಗೆ ಸಮಾಧಾನವಾಯಿತು.

ಇಂಥ ಸೂಕ್ಷ್ಮ ವಿಷಯವನ್ನು ಬಿಡಿಬಿಡಿಯಾಗಿ ನಿಭಾಯಿಸಲಾಗದು. ಭಾನುವಾರ ಬೆಳಗ್ಗೆ ಹತ್ತಕ್ಕೆ ತಾರಸಿಯ ಮೇಲೆ ಸಂಘದ ಸಭೆ ಇತ್ತು. ಮೂರು ವಿಷಯ ಮೊದಲೇ ಇದ್ದವು: ಲಿಫ್ಟು, ವಾಹನ ನಿಲುಗಡೆ, ನೀರಿನ ಟ್ಯಾಂಕು. ನಾಲ್ಕನೆಯದಾಗಿ 'ಇತರೆ' ಎಂದು ಬರೆದೆ. ಆ 'ಇತರೆ'ಯಲ್ಲಿ ಅವರಿಗೆ ಎಲ್ಲರೂ ಸೇರಿ ಧೈರ್ಯ ಹೇಳುವುದು ಎಂದು ಗುಟ್ಟಾಗಿ ನಿರ್ಧಾರವಾಯಿತು.

ಇಲ್ಲಿ ಪೆಟ್ಟಿಗೆಯ ವಿಚಾರ ಹೇಳಬೇಕು. ಹಿಂದಿನ ಸಭೆಯಲ್ಲಿ ನಾನು ಭಾಷಣ ಮಾಡುವಾಗ ಹದಿನಾಲ್ಕು ಸಲ ಫೋನು ಹೊಡೆದುಕೊಂಡಿತ್ತು. ಅದಕ್ಕೆ ನಾನೇ ಒಂದು ನಿಯಮ ತಂದೆ. ಸಭೆ ಶುರುವಾಗುವ ಮೊದಲು ಎಲ್ಲರ ಫೋನೂ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ಕಾರ್ಯದರ್ಶಿಯ ಜೇಬಿನಲ್ಲಿ. ನಡುವೆ ತೆರೆಯಬೇಕಾದರೆ ಸಭೆಯ ಠರಾವು ಆಗಬೇಕು. ಪೆಟ್ಟಿಗೆ ಸಾಮಾನ್ಯದ್ದಲ್ಲ. ನಮ್ಮ ಇಲಾಖೆ ಹಳೇ ತೂಕದ ಬಟ್ಟುಗಳನ್ನು ಹರಾಜು ಹಾಕಿದಾಗ ನಾನು ತಂದ ಕಬ್ಬಿಣದ ಪೆಟ್ಟಿಗೆ. ತುಕ್ಕು ತಿಂದು ಮುಚ್ಚಳದಲ್ಲಿ ಮೂರು ನಾಲ್ಕು ತೂತು ಬಿದ್ದಿದ್ದವು ನಿಜ, ಆದರೂ ಇಬ್ಬರು ಹಿಡಿದರೇ ಏಳುವಂಥದ್ದು.

ಪೈಲಟ್ ಸಮವಸ್ತ್ರದಲ್ಲೇ ಬಂದರು. ಅದನ್ನು ನೋಡಿ ಹಲ್ಲಿನ ಡಾಕ್ಟರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೆಟ್ಟಿಗೆ ಅವರ ಮುಂದೆ ಬಂದಾಗ ಅವರು ಫೋನನ್ನು ಎದೆಗೆ ಅವಚಿಕೊಂಡರು.

"ಸಾರ್, ನಾನು ಕೊಡೋ ಹಾಗಿಲ್ಲ. ಡ್ಯೂಟಿಲಿದ್ದೀನಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಹಲ್ಲಿನ ಡಾಕ್ಟರು ನನ್ನ ಕಿವಿಯಲ್ಲಿ "ಭ್ರಮೆ ಜಾಸ್ತಿ ಆಗಿದೆ" ಎಂದರು. ಸ್ಟೇಷನ್ ಮಾಸ್ಟರಿಗೆ ಅವಮಾನ ತಡೆಯಲಾಗಲಿಲ್ಲ. ಎದ್ದು ಬಂದು, "ನಿಯಮ ಅಂದ್ಮೇಲೆ ನಿಯಮ, ಅಳಿಯಂದಿರೇ. ನಾನೂ ಒಂದು ಸ್ಟೇಷನ್ ನಡೆಸಿದವನು" ಎಂದು ಫೋನನ್ನು ಅಳಿಯನ ಕೈಯಿಂದ ಬಿಡಿಸಿ ತಾವೇ ಪೆಟ್ಟಿಗೆಯೊಳಗೆ ಇಟ್ಟರು. ಮಾವನ ಮಾತಿಗೆ ಎದುರಾಡದ ಅಳಿಯ. "ಹೊಡ್ಕೊಂಡ್ರೆ ತಕ್ಷಣ ತೆಗೀಬೇಕು ಸಾರ್, ದಮ್ಮಯ್ಯ" ಎಂದು ನನಗೆ ಕೈ ಮುಗಿದರು. ಆಗಲಿ ಎಂದು ಬೀಗ ಜಡಿದೆ. ಅವರು ಪೆಟ್ಟಿಗೆಗೆ ಕಿವಿ ತಾಗುವಷ್ಟು ಹತ್ತಿರ ಕುರ್ಚಿ ಹಾಕಿಕೊಂಡು ಕೂತರು.

ಮೊದಲ ಮೂರು ವಿಷಯಗಳು ಎಂದಿನಂತೆ ಮುಂದಕ್ಕೆ ಹೋದವು. ನಾಲ್ಕನೆಯದಕ್ಕೆ ನಾನು ಎದ್ದು ನಿಂತೆ. "ಜೀವನದಲ್ಲಿ ಏಳುಬೀಳು ಸಹಜ. ಅದರಲ್ಲೂ ಕೆಲವರ ಉದ್ಯೋಗದಲ್ಲಿ ಎತ್ತರ ಜಾಸ್ತಿ..." ಎಂದು ಆರಂಭಿಸಿದ್ದೆ. ಪೆಟ್ಟಿಗೆಯೊಳಗಿನಿಂದ ಫೋನು ಹೊಡೆದುಕೊಂಡಿತು.

ಪೈಲಟ್ ಚಂಗನೆ ಎದ್ದರು. "ನಂದೇ! ತೆಗೀರಿ ಸಾರ್!"

ತೆಗೆಯಬಹುದಿತ್ತು. ಆದರೆ ನಿಯಮ ಮಾಡಿದವನೇ ಮುರಿದರೆ ಸಂಘ ಉಳಿಯುತ್ತದೆಯೇ? "ಠರಾವು ಆಗಲಿ. ಸೂಚಕರು ಯಾರು?" ಎಂದೆ.

"ನಾನು" ಎಂದರು ಪೈಲಟ್.

"ಸಂಬಂಧಪಟ್ಟವರೇ ಸೂಚಿಸೋ ಹಾಗಿಲ್ಲ."

ಹಲ್ಲಿನ ಡಾಕ್ಟರು ಸೂಚಿಸಿದರು. ಅನುಮೋದಿಸಬೇಕಾಗಿದ್ದ ಡ್ರೈವಿಂಗ್ ಸ್ಕೂಲ್ ಮಾಲೀಕರು, ತೆರೆಯುವುದಾದರೆ ತಮ್ಮ ಫೋನೂ ಹೊರಗೆ ಬರಬೇಕು ಎಂದು ತಿದ್ದುಪಡಿ ತಂದರು. ತಿದ್ದುಪಡಿಗೆ ಬೇರೆ ಅನುಮೋದಕರು ಬೇಕು. ಏಳೆಂಟು ನಿಮಿಷದ ಈ ಚರ್ಚೆ ಮುಗಿಯುವಷ್ಟರಲ್ಲಿ, ಬಿಟ್ಟು ಬಿಟ್ಟು ಹೊಡೆದುಕೊಳ್ಳುತ್ತಿದ್ದ ಫೋನು ಸುಮ್ಮನಾಯಿತು.

"ಅಗೋ, ನಿಂತೇ ಹೋಯ್ತು. ಇನ್ನು ಠರಾವಿನ ಅಗತ್ಯವಿಲ್ಲ" ಎಂದೆ.

ಪೈಲಟ್‌ರ ಮುಖ ಬಿಳಿ ಅಂಗಿಗಿಂತ ಬಿಳಿಯಾಯಿತು. ಆ ಮನುಷ್ಯ ಕೂಗಿದ್ದನ್ನು ನಾವು ಕಂಡದ್ದು ಅದೇ ಮೊದಲು, ಅದೇ ಕೊನೆ. "ಹದಿನೈದು ನಿಮಿಷದೊಳಗೆ ಉತ್ತರ ಕೊಡ್ಬೇಕು ಕಣ್ರೀ! ಇಲ್ದಿದ್ರೆ ಹನ್ನೊಂದು ತಿಂಗಳು ಕೂತಿದ್ದೆಲ್ಲ ನೀರಲ್ಲಿ ಹೋಮ! ತೊಂಬತ್ತು ನಿಮಿಷಕ್ಕೆ ನಾನಲ್ಲಿ ಇರ್ಬೇಕು! ಒಂದು ನಿಮಿಷ ಹೆಚ್ಚಾದ್ರೂ ಇನ್ನೂರು ಜನ ಕೂತಲ್ಲೇ ಕೂತಿರ್ತಾರೆ!"

ಅಷ್ಟು ದಿನ ಏನು ಹೇಳಿದರೂ ತಲೆಗೆ ಹೋಗದ ಸ್ಟೇಷನ್ ಮಾಸ್ಟರಿಗೆ ಆ ನಿಮಿಷಗಳ ಲೆಕ್ಕ ನಾಟಿತು. ಬೆನ್ನು ನೇರವಾಯಿತು. ಕೈ ಗಡಿಯಾರ ನೋಡಿದರು. "ಮೊದಲ್ನೇ ಸಲ ಫೋನ್ ಹೊಡ್ಕೊಂಡಿದ್ದು ಹತ್ತು ನಲವತ್ತೆರಡಕ್ಕೆ. ಈಗ ಹತ್ತು ಐವತ್ತು. ಇನ್ನು ಏಳು ನಿಮಿಷ ಇದೆ" ಎಂದವರೇ ನನ್ನ ಕಡೆ ತಿರುಗಿ, ರೈಲುಗಳನ್ನು ನಿಲ್ಲಿಸಿದ ಆ ಗಂಟಲಲ್ಲಿ, "ತೆಗೀರೀ ಪೆಟ್ಟಿಗೇನ!" ಎಂದರು.

ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ನನ್ನಿಂದ ಅಷ್ಟು ಬೇಗ ಕೆಲಸ ಮಾಡಿಸಿರಲಿಲ್ಲ. ಅವಸರದಲ್ಲಿ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಮುಚ್ಚಳ ತೆಗೆದದ್ದೇ ತಡ ಫೋನು ಮತ್ತೆ ಹೊಡೆದುಕೊಂಡಿತು. ಪೆಟ್ಟಿಗೆಯ ಸೊತ್ತು ಕಾರ್ಯದರ್ಶಿಯ ಜವಾಬ್ದಾರಿಯಾದ್ದರಿಂದ ನಾನೇ ಎತ್ತಿ ಕಿವಿಗಿಟ್ಟುಕೊಂಡೆ.

"ವಿಮಾನ ಕಂಪನಿಯಿಂದ ಮಾತಾಡ್ತಿದ್ದೀನಿ" ಎಂದಿತು ಒಂದು ಹೆಣ್ಣು ಧ್ವನಿ.

ಇಂಥ ಅವಕಾಶ ಮತ್ತೆ ಬರುತ್ತದೆಯೇ? ನಾನು ಗಂಟಲು ಸರಿಮಾಡಿಕೊಂಡೆ. "ತಾಯೀ, ನಾನು ಈ ಕಟ್ಟಡದ ಕಾರ್ಯದರ್ಶಿ. ಇಪ್ಪತ್ತನಾಲ್ಕು ಮನೆಗಳ ಪರವಾಗಿ ಕೇಳ್ಕೊಳ್ತಾ ಇದ್ದೀನಿ. ಪೈಲಟ್ ಸಾರ್ ಬಂಗಾರದಂಥ ಮನುಷ್ಯ. ಏನೇ ತಪ್ಪು ಮಾಡಿದ್ರೂ ಹೊಟ್ಟೆಗೆ ಹಾಕ್ಕೊಳ್ಳಿ. ದಯವಿಟ್ಟು ಅವರನ್ನ ಮತ್ತೆ ಕೆಲಸಕ್ಕೆ ಕರ್ಕೊಳ್ಳಿ."

ಆ ಕಡೆಯಿಂದ ಉತ್ತರ ಬಂತು: "ಸಾರ್, ಕೆಲಸಕ್ಕೆ ಕರೆಯೋಕೇ ಫೋನ್ ಮಾಡಿರೋದು. ಬೇಗ ಕಳಿಸ್ತೀರಾ?"

ನಾನು ಕೈ ಮೇಲೆತ್ತಿ ಸಭೆಗೆ ಘೋಷಿಸಿದೆ: "ಕೆಲಸ ವಾಪಸ್ ಸಿಕ್ತು!"

ತಾರಸಿ ಅದುರುವ ಹಾಗೆ ಚಪ್ಪಾಳೆ ಬಿತ್ತು. ಪೈಲಟ್ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಹ್ಞಾಂ ಮೇಡಂ, ಹೊರಟೆ, ಹೊರಟೆ" ಎನ್ನುತ್ತ ಮೆಟ್ಟಿಲಿಳಿದರು. ಸ್ಟೇಷನ್ ಮಾಸ್ಟರು "ಹತ್ತು ಐವತ್ತ್ಮೂರು!" ಎಂದು ಕೂಗುತ್ತ ಹಿಂದೆಯೇ ಇಳಿದರು.

ಕೆಳಗೆ ಹೋದರೆ ಪೈಲಟ್‌ರ ಕಾರಿಗೆ ಅಡ್ಡವಾಗಿ ಡ್ರೈವಿಂಗ್ ಸ್ಕೂಲಿನ ನಾಲ್ಕು ಕಾರು. ವಾಹನ ನಿಲುಗಡೆ ವಿಷಯ ಆಗಷ್ಟೇ ಮುಂದಕ್ಕೆ ಹೋಗಿತ್ತಲ್ಲ. ಕೊನೆಗೆ ಮಾಲೀಕರೇ ತಮ್ಮ ದೊಡ್ಡ ಕೆಂಪು 'ಎಲ್' ಬರೆದ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಹೊರಟರು. ಪಕ್ಕದಲ್ಲಿ ಗುರುಗಳು ಕೂರುವ ಸೀಟಿಗೆ ಸ್ಟೇಷನ್ ಮಾಸ್ಟರು ಹತ್ತಿದರು. ಆ ಸೀಟಿನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕೆಂಪು ದೀಪ ಕಂಡ ಕಡೆಯಲ್ಲೆಲ್ಲ, ಇನ್ನೂರು ಗಜ ಮೊದಲೇ, ಮೂವತ್ತೆಂಟು ವರ್ಷದ ಅಭ್ಯಾಸಬಲದಿಂದ ಅವರ ಕಾಲು ಅದನ್ನು ಒತ್ತುತ್ತಿತ್ತಂತೆ. ಪೈಲಟ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಬೆಲ್ಟ್ ಬಿಗಿದುಕೊಂಡು, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಿದ್ದರಂತೆ. ಮೂವತ್ತು ಸಾವಿರ ಅಡಿ ಮೇಲೆ ಯಾವತ್ತೂ ಅಷ್ಟು ಭಯ ಆಗಿರಲಿಲ್ಲ ಎಂದು ಆಮೇಲೆ ಹೇಳಿದರು.

ತಲುಪಿದ್ದು ಹನ್ನೆರಡು ಎಂಟಕ್ಕೆ, ನಾಲ್ಕು ನಿಮಿಷ ಮುಂಚೆ. ಸ್ಟೇಷನ್ ಮಾಸ್ಟರು ಅಲ್ಲಿಂದ ಕದಲಲಿಲ್ಲ. ಬೇಲಿಯ ತಂತಿ ಹಿಡಿದು ಬಿಸಿಲಲ್ಲಿ ನಿಂತು ಕಾದರು. ಸಂಜೆ ನಮ್ಮ ಮನೆಗೆ ಬಂದು ಕೂತು, "ಟೈಮಿಗೆ ಸರಿಯಾಗಿ ವಿಮಾನ ಎತ್ತಿದ ಕಣ್ರೀ. ಒಂದು ನಿಮಿಷಾನೂ ಹೆಚ್ಚು ಕಮ್ಮಿ ಇಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಅವತ್ತಿನಿಂದ ಅವರು ಊರಿಗೆ ಹೋಗುವ ಮಾತೆತ್ತಲಿಲ್ಲ. ಬೆಳಗ್ಗೆ ಐದರಿಂದ ಸಂಜೆ ಐದರವರೆಗೆ ಕುರ್ಚಿ ಹಾಕಿಕೊಂಡು, ಅಳಿಯನ ಫೋನು ಒಂದು ಕೈಲಿ, ಗಡಿಯಾರ ಇನ್ನೊಂದು ಕೈಲಿ ಹಿಡಿದು ಕೂತುಬಿಟ್ಟರು. ಹನ್ನೊಂದು ತಿಂಗಳಾದ ಮೇಲೆ ಪೈಲಟ್ ಮೊದಲ ಸಲ ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಹಾಡು ಹೇಳುತ್ತ ಸ್ನಾನ ಮಾಡಿದ್ದು ನಮ್ಮ ಮನೆಗೂ ಕೇಳಿಸಿತು.

ಇತ್ತ ನನ್ನ ಕೀರ್ತಿ ನಾಲ್ಕು ಬೀದಿ ದಾಟಿತ್ತು. ಒಂದೇ ಫೋನಿನಲ್ಲಿ ಹೋದ ಕೆಲಸ ವಾಪಸು ಕೊಡಿಸಿದವರು ಎಂದು ಜನ ಅರ್ಜಿ ಹಿಡಿದು ಬಾಗಿಲಿಗೆ ಬರತೊಡಗಿದರು. "ಇವರೇನೂ ಮಾಡಿಲ್ಲಪ್ಪ" ಎಂದು ನನ್ನ ಹೆಂಡತಿ ಹೇಳಿದರೆ, ಎಂಥ ವಿನಯದ ಮನೆತನ ಎಂದು ಮತ್ತೆ ಕೈ ಮುಗಿಯುತ್ತಿದ್ದರು.

ನಾಲ್ಕು ತಿಂಗಳ ಮೇಲೆ ಒಂದು ಬೆಳಗ್ಗೆ ಕಿಂಡಿಯಲ್ಲಿ ನೋಡುತ್ತೇನೆ, ಪೈಲಟ್‌ರ ಹೆಗಲ ಮೇಲೆ ಮೂರಲ್ಲ, ನಾಲ್ಕು ಪಟ್ಟಿ! ಬಾಗಿಲು ತೆಗೆದು ಕೈ ಕುಲುಕಿದೆ.

"ಕ್ಯಾಪ್ಟನ್! ಅಂತೂ ಆಗೇಬಿಟ್ರಿ! ಇನ್ನು ಮನೇಲಿ ಕೂರೋ ಕಷ್ಟ ಇಲ್ಲ ಬಿಡಿ."

ಅವರು ಪೆಚ್ಚುನಗೆ ನಕ್ಕರು. "ಇಷ್ಟು ದಿನ ಕಿರಿಯ ಪೈಲಟ್‌ಗಳಲ್ಲಿ ನಾನೇ ಹಿರಿಯನಾಗಿದ್ದೆ ಸಾರ್. ಈಗ ಕ್ಯಾಪ್ಟನ್‌ಗಳಲ್ಲಿ ನಾನೇ ಎಲ್ಲರಿಗಿಂತ ಕಿರಿಯ. ಅದಕ್ಕೆ..."

"ಅದಕ್ಕೆ?"

"ಮತ್ತೆ ಮೊದಲಿಂದ ರಿಸರ್ವು."

ಆಗ ನೋಡಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಸದ ಬುಟ್ಟಿ. ಪಾಪ, ನಾಲ್ಕು ಪಟ್ಟಿ ಹಾಕಿಕೊಂಡ ದಿನವೇ ಮತ್ತೆ ಕೆಲಸ ಹೋಗಿದೆ, ಬಾಯಿ ಬಿಟ್ಟು ಹೇಳಲಾರದೆ ಒದ್ದಾಡುತ್ತಿದ್ದಾರೆ. ಹತ್ತಿರ ಹೋಗಿ ಬೆನ್ನು ತಟ್ಟಿ, ಯಾರಿಗೂ ಕೇಳಿಸದ ಹಾಗೆ ಹೇಳಿದೆ:

"ನೀವೇನೂ ಹೆದರ್ಬೇಡಿ ಸಾರ್. ಆ ಫೋನ್ ಇಲ್ಲಿ ಕೊಡಿ. ಆಯಮ್ಮನ ಹತ್ರ ನಾನು ಇನ್ನೊಂದ್ಸಲ ಮಾತಾಡ್ತೀನಿ."

ಕ್ಯಾಪ್ಟನ್ ಫೋನನ್ನು ಅಂಗಿಯೊಳಗೆ ತುರುಕಿಕೊಂಡು, ಕಸದ ಬುಟ್ಟಿ ನನ್ನ ಕೈಯಲ್ಲೇ ಬಿಟ್ಟು, ಒಳಗೋಡಿ ಬಾಗಿಲು ಹಾಕಿಕೊಂಡರು.